ಇಪ್ಪತ್ತೊಂದು ದಿನದ ಲೆಕ್ಕ

21 ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂದು ನಮ್ಮ ಕಾಲೇಜು, ಹಾಸ್ಟೆಲ್ಲುಗಳಿಗೆ ಬಂದು ಹೇಳಿಹೋಗುವವರು ಈಗ ಬಹಳ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರ ಪುಸ್ತಕದಲ್ಲಿ, ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ ಅಷ್ಟು ದಿನ ಬೇಕು ಎಂದಿದ್ದ. ‘ಕನಿಷ್ಠ’ ಎಲ್ಲೋ ಬಿದ್ದುಹೋಯಿತು, ಉಳಿದದ್ದು ಭಾಷಣವಾಯಿತು.

ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ಅಭ್ಯಾಸ ಕೂರಲು ಬೇಕಾದ ಕಾಲ 18ರಿಂದ 254 ದಿನ ಎಂಬುದು ಅವರ ಅಂದಾಜು. ಆದರೆ ನನಗೆ ಮುಖ್ಯವೆನಿಸುವುದು ಇನ್ನೊಂದು ಮಾತು. ಆ ಜನ ಹೊಸ ಕೆಲಸವನ್ನು ದಿನಾ ಬರುವ ಒಂದು ಹೊತ್ತಿಗೆ ಗಂಟುಹಾಕಿದ್ದರು: ಮಧ್ಯಾಹ್ನದ ಊಟದ ಜೊತೆ ಹಣ್ಣು, ಹೀಗೆ. ಆ ಹೊತ್ತು, ಆ ಜಾಗ ಕೈಕೊಟ್ಟರೆ? ವೆಂಡಿ ವುಡ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ವಿಶ್ವವಿದ್ಯಾಲಯಕ್ಕೆ ಹೋದ ವಿದ್ಯಾರ್ಥಿಗಳದ್ದು. ಸುತ್ತಲಿನ ಸನ್ನಿವೇಶ ಬದಲಾದಾಗ ಅವರ ಹಳೆಯ ಅಭ್ಯಾಸಗಳು ಕಳಚಿದವು. ಪತ್ರಿಕೆ ಓದುವುದೂ ಸೇರಿ.

ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ಬನ್ನಿ. ಮಳೆ ಕೈಕೊಟ್ಟ ವರ್ಷ ಇಲ್ಲಿ ಮನೆಗೆ ಬೀಗ ಬೀಳುತ್ತದೆ. ಮಂಡ್ಯದ ಕಬ್ಬಿನ ಗದ್ದೆ, ಚಿಕ್ಕಮಗಳೂರಿನ ಕಾಫಿ ತೋಟ, ಬೆಂಗಳೂರಿನ ಕಟ್ಟಡ ಕೆಲಸ: ಗುಳೆ. ಅಜ್ಜಿಯ ಹತ್ತಿರ ಬಿಡಲಾಗದ ಮಕ್ಕಳು ಜೊತೆಗೇ ಹೊರಡುತ್ತಾರೆ. ಹಾಜರಿ ಪುಸ್ತಕದಲ್ಲಿ ಖಾಲಿ ಸಾಲು ಕಂಡ ಕೂಡಲೇ ನಮ್ಮ ಬಾಯಿಂದ ಬರುವ ಮಾತೊಂದಿದೆ: “ಇವಕ್ಕೆ ಓದೋ ಅಭ್ಯಾಸನೇ ಇಲ್ಲ ಬಿಡ್ರಿ.” ಯೋಚಿಸದೆ ಬರುತ್ತದೆ. ಯಾಂತ್ರಿಕ ವರ್ತನೆಗೆ ಉದಾಹರಣೆ ಬೇಕಾದವರು ಮಗುವನ್ನಲ್ಲ, ಈ ವಾಕ್ಯವನ್ನು ನೋಡಬೇಕು.

ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರಿಲ್ಲವೇ ಎನ್ನುತ್ತೀರಿ. ಇದ್ದಾರೆ. ಆದರೆ ಆ ದೀಪ ದಿನಾ ಅದೇ ಕಂಬದಲ್ಲಿತ್ತು ಸ್ವಾಮಿ! ಕಬ್ಬಿನ ಗದ್ದೆಯ ಜೋಪಡಿ ತಿಂಗಳಿಗೊಂದು ಕಡೆ ಇರುತ್ತದೆ.

ಸಂಕಲ್ಪಬಲದ ಪಾಠ ಸರ್ಕಾರಕ್ಕೂ ಅಗ್ಗ, ಭಾಷಣಕಾರನಿಗೂ ಲಾಭ. ಮಗುವಿನ ಸೋಲು ಮಗುವಿನ ತಲೆಗೇ ಕಟ್ಟಿದರೆ ಬೇರೆ ಯಾರೂ ಉತ್ತರ ಕೊಡಬೇಕಿಲ್ಲ. ಗುಳೆ ಹೋಗುವವರ ಮಕ್ಕಳಿಗೆ ಹಂಗಾಮಿ ಹಾಸ್ಟೆಲ್ ತೆರೆಯಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಅದನ್ನು ಬಸ್ಸು ಹೊರಡುವ ಮುಂಚೆ ತೆರೆಯಿರಿ, ಬೀಗ ಬಿದ್ದ ಮೇಲಲ್ಲ. ಪಂಚಾಯ್ತಿ ಗ್ರಂಥಾಲಯದ ಬಾಗಿಲು ಸಂಜೆ ಒಂದೇ ಹೊತ್ತಿಗೆ, ವರ್ಷವಿಡೀ ತೆರೆದಿರಲಿ. ಆಮೇಲೆ ಬೇಕಾದರೆ 21 ಎಣಿಸೋಣ.