ಬಾಗಿಲೇ ಇಲ್ಲದವರಿಗೆ ಏನು ತೆರೆದಿರಿ?

2020ರ ಮೇ 4ರ ಬೆಳಿಗ್ಗೆ ಬೆಂಗಳೂರಿನ ಮದ್ಯದಂಗಡಿಗಳ ಮುಂದೆ ಬಿದಿರಿನ ಗಳ ಕಟ್ಟಿದ್ದರು. ನೆಲದ ಮೇಲೆ ಅಳತೆ ಹಿಡಿದು ಬಿಳಿ ವೃತ್ತ ಬರೆದಿದ್ದರು. ಕಾವಲಿಗೆ ಪೊಲೀಸರಿದ್ದರು. ಕೊರೊನಾ ಲಾಕ್‌ಡೌನಿನಿಂದ ನಲವತ್ತು ದಿನ ಬೀಗ ಬಿದ್ದಿದ್ದ ರಾಜ್ಯದಲ್ಲಿ ಅಂದು ಒಂದೇ ದಿನ 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು. ಮರುದಿನ 197 ಕೋಟಿಯದು. ಮೇ 6ರಂದು, ಬಜೆಟ್ಟಿನಲ್ಲಿ ಏರಿಸಿದ್ದ ಶೇ 6ರ ಸುಂಕದ ಜೊತೆಗೆ ಇನ್ನೂ ಶೇ 11 ಏರಿಸಿದರು.

ಕುಡಿಯುವವರನ್ನು ಹಳಿಯಲು ಈ ಮಾತು ಎತ್ತುತ್ತಿಲ್ಲ. ನನ್ನ ಸಿಟ್ಟು ಆ ಬಿಳಿ ವೃತ್ತದ ಮೇಲೆ. ಜನ ಗುಂಪುಗೂಡದಂತೆ, ಒಬ್ಬರಿಗೊಬ್ಬರು ಅಂತರ ಬಿಟ್ಟು ನಿಂತು ಕೊಳ್ಳುವಂತೆ ವ್ಯವಸ್ಥೆ ಮಾಡಲು ಸರ್ಕಾರ ನಡೆಸಿದ ನಿಮಗೆ ಬರುತ್ತಿತ್ತು. ಸುಣ್ಣ ಇತ್ತು, ಬಿದಿರು ಇತ್ತು, ಸಿಬ್ಬಂದಿ ಇದ್ದರು, ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಹೊಂದಿಸುವ ಶಕ್ತಿ ಇತ್ತು. ಹಾಗಿದ್ದ ಮೇಲೆ ಸಿಟಿ ಮಾರ್ಕೆಟ್ಟಿನ ಮೆಟ್ಟಿಲ ಬಳಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸಿನ ಮುಂದೆ ಆ ವೃತ್ತವನ್ನು ಯಾಕೆ ಬರೆಯಲಿಲ್ಲ? ಸಿಟಿ ಮಾರ್ಕೆಟ್ಟು, ಅಂದರೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಮತ್ತೆ ತೆರೆದದ್ದು ಸೆಪ್ಟೆಂಬರ್ 1ರಂದು. ಮೇ ಎಲ್ಲಿ, ಸೆಪ್ಟೆಂಬರ್ ಎಲ್ಲಿ! ಮಾಲ್‌ಗಳಿಗೂ ದೊಡ್ಡ ಹೋಟೆಲ್‌ಗಳಿಗೂ ಜೂನ್ 8ರಂದೇ ಅಪ್ಪಣೆ ಸಿಕ್ಕಿತ್ತು. ಮುಚ್ಚಿದ ಕಟ್ಟಡದೊಳಗೆ, ಎ.ಸಿ. ಗಾಳಿಯಲ್ಲಿ ವ್ಯಾಪಾರ ನಡೆಯಬಹುದು. ಬಯಲಿನಲ್ಲಿ, ಬಿಸಿಲಿನಲ್ಲಿ, ಗಾಳಿಯಾಡುವ ಜಾಗದಲ್ಲಿ ನಡೆಯಕೂಡದು. ಯಾವ ವೈದ್ಯಶಾಸ್ತ್ರ ಇದನ್ನು ಹೇಳಿಕೊಟ್ಟಿತು? ಮಾರುಕಟ್ಟೆಯಲ್ಲಿ ದಟ್ಟಣೆ ಇರುತ್ತದೆ ಅಂದಿರಿ. ಇರುತ್ತದೆ. ದಟ್ಟಣೆ ಬಿಡಿಸುವ ಕೆಲಸ ಸರ್ಕಾರದ್ದು. ಮದ್ಯದಂಗಡಿಯ ಮುಂದೆ ಆ ಕೆಲಸವನ್ನು ಮಾಡಿ ತೋರಿಸಿದವರು ನೀವೇ.

ಮೇ 5ಕ್ಕೆ ಬರುತ್ತೇನೆ, ಯಾಕೆಂದರೆ ಆ ದಿನವನ್ನು ಈ ನಗರ ಮರೆಯಲು ಬಿಡಬಾರದು. ಅಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಬಿಲ್ಡರ್‌ಗಳ ಸಂಘಟನೆಯವರ ಜೊತೆ ಸಭೆ ನಡೆಸಿದರು. ಕಟ್ಟಡ ಕೆಲಸ ಮತ್ತೆ ಶುರುವಾಗಬೇಕು, ಕೂಲಿಗಳು ಊರಿಗೆ ಹೊರಟುಬಿಟ್ಟರೆ ಕೆಲಸ ನಿಲ್ಲುತ್ತದೆ ಎಂಬುದು ಅವರ ಚಿಂತೆ. ಅದೇ ದಿನ ರಾಜ್ಯ ಸರ್ಕಾರದಿಂದ ನೈಋತ್ಯ ರೈಲ್ವೆಗೆ ಪತ್ರ ಹೋಯಿತು: ನಾಳೆಯಿಂದ ಶ್ರಮಿಕ ರೈಲುಗಳ ಅಗತ್ಯವಿಲ್ಲ. ಬಿಹಾರ, ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶಕ್ಕೆ ಹೋಗಲು ಹೆಸರು ಬರೆಸಿ, ಪೊಲೀಸ್ ಠಾಣೆಗಳ ಮುಂದೆ ಗಂಟುಮೂಟೆ ಇಟ್ಟುಕೊಂಡು ಕಾಯುತ್ತಿದ್ದ ಸಾವಿರಾರು ಜನರ ದಾರಿಯನ್ನು ಒಂದು ಹಾಳೆ ಮುಚ್ಚಿಬಿಟ್ಟಿತು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಲಾಕ್‌ಡೌನ್ ಘೋಷಿಸಿ ನಾಲ್ಕು ಗಂಟೆ ಕಾಲಾವಕಾಶ ಕೊಟ್ಟಾಗ ಇವರ ಕೂಲಿ ನಿಂತಿತ್ತು. ಆಗ ಇವರು ಯಾರಿಗೂ ಬೇಕಿರಲಿಲ್ಲ. ಶೆಡ್ಡಿನಲ್ಲಿ ಅಕ್ಕಿ ಮುಗಿದಾಗಲೂ ಬೇಕಿರಲಿಲ್ಲ. ಅರ್ಧ ಕಟ್ಟಿದ ಅಪಾರ್ಟ್‌ಮೆಂಟುಗಳು ನೆನಪಾದಾಗ ಬೇಕಾದರು. ಆಳು ಬಿಟ್ಟು ಹೋಗದಂತೆ ಊರಬಾಗಿಲು ಕಾಯುವುದು ಜೀತಕ್ಕಿಟ್ಟುಕೊಂಡ ಧಣಿಯ ಕೆಲಸ. 1976ರಲ್ಲೇ ಕಾನೂನು ಮಾಡಿ ಜೀತ ರದ್ದುಪಡಿಸಿದ ದೇಶದಲ್ಲಿ, ಚುನಾಯಿತ ಸರ್ಕಾರವೊಂದು ಲೆಟರ್‌ಹೆಡ್ಡಿನ ಮೇಲೆ ಆ ಕೆಲಸ ಮಾಡಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ರೈಲು ಮತ್ತೆ ಹೊರಟವು ನಿಜ. ಆದರೆ ಆ ಹೊತ್ತಿಗೆ ಎಷ್ಟೋ ಜನ ನಡೆಯಲು ಶುರುಮಾಡಿದ್ದರು.

ನಮ್ಮವರ ಗತಿಯೂ ಬೇರೆ ಇರಲಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದು ಬೆಂಗಳೂರಿನ ಗಾರೆ ಕಲಸಿದವರು ಮೇ ಮೊದಲ ವಾರ ಮೆಜೆಸ್ಟಿಕ್‌ಗೆ ಬಂದಾಗ ಬಸ್ಸಿಗೆ ಹೋಗಿಬರುವ ಎರಡೂ ಕಡೆಯ ದರ ಕೇಳಿದರು. ತಿಂಗಳಿಗಿಂತ ಹೆಚ್ಚು ಕಾಲ ಕೂಲಿಯ ಮುಖ ನೋಡದವರಿಂದ! ಗದ್ದಲವಾದ ಮೇಲೆ ಪ್ರಯಾಣ ಉಚಿತ ಮಾಡಿದರು. ಮೊದಲು ಕಿತ್ತುಕೊಳ್ಳುವುದು, ಬೈದ ಮೇಲೆ ಬಿಡುವುದು. ಆ ಬೇಸಿಗೆಯ ಆದೇಶಗಳು ನಡೆದದ್ದೇ ಹೀಗೆ.

ಮೇ 22ರ ಅಧಿಸೂಚನೆಯನ್ನೂ ಈ ಸಾಲಿನಲ್ಲೇ ಇಡಬೇಕು. ಕಾರ್ಖಾನೆಗಳು ತೆರೆದದ್ದೇ ತಡ, ಕಾರ್ಖಾನೆ ಕಾಯ್ದೆಯ 51 ಮತ್ತು 54ನೇ ಸೆಕ್ಷನ್‌ಗಳಿಂದ ಮಾಲೀಕರಿಗೆ ವಿನಾಯಿತಿ ಕೊಟ್ಟರು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹೋಗಿ 10 ಗಂಟೆ, 60 ಗಂಟೆ ಬಂತು. ಆ ಕಾಯ್ದೆಯಲ್ಲಿ ಇಂಥ ವಿನಾಯಿತಿಗೆ ‘ಸಾರ್ವಜನಿಕ ತುರ್ತು’ ಇರಬೇಕಿತ್ತು. ಅಂದರೆ ಯುದ್ಧ, ಹೊರಗಿನ ಆಕ್ರಮಣ, ಆಂತರಿಕ ಕ್ಷೋಭೆಯಿಂದ ದೇಶದ ಭದ್ರತೆಗೆ ಬಂದ ಗಂಡಾಂತರ. ರೋಗಕ್ಕೂ ಹತ್ತನೇ ಗಂಟೆಯ ದುಡಿಮೆಗೂ ಏನು ಸಂಬಂಧ? ಪೀಣ್ಯದಲ್ಲಿ, ಬೊಮ್ಮನಹಳ್ಳಿಯಲ್ಲಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳು ಏಪ್ರಿಲ್ ತಿಂಗಳ ಸಂಬಳಕ್ಕಾಗಿ ಗೇಟಿನ ಮುಂದೆ ನಿಂತಿದ್ದ ದಿನಗಳವು. ಕಾರ್ಮಿಕ ಸಂಘಟನೆ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯ ಪ್ರಶ್ನಿಸಿದ ಮೇಲೆ ಜೂನ್‌ನಲ್ಲಿ ಸರ್ಕಾರ ಅಧಿಸೂಚನೆ ವಾಪಸು ಪಡೆಯಿತು. ಗುಜರಾತಿನ ಇಂಥದೇ ಆದೇಶವನ್ನು ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದುಮಾಡಿತು. ತಪ್ಪು ಎಂದು ಕೋರ್ಟು ಹೇಳುವವರೆಗೆ ಅದು ತಪ್ಪೆಂದು ನಿಮಗೆ ಕಾಣಲಿಲ್ಲವೇ?

ಇನ್ನು ಬೀದಿ. ನಾನು ಹೇಳಬೇಕಾದ ಮುಖ್ಯ ಮಾತು ಇರುವುದು ಇಲ್ಲೇ.

ಬೀದಿ ವ್ಯಾಪಾರಿಗೆ ಅನುಮತಿ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅನುಮತಿ ಸಿಕ್ಕಿದ್ದಾಗಲೂ ಆಕೆ ವ್ಯಾಪಾರ ಮಾಡುವುದು ಹೇಗೆ ಎಂದು ಆದೇಶ ಬರೆದವರು ಒಂದು ಗಳಿಗೆ ಯೋಚಿಸಲಿಲ್ಲ. ಆಕೆಯ ದಿನ ಹೇಗಿರುತ್ತದೆ ನೋಡಿ. ನಸುಕಿನ ಮೂರು, ನಾಲ್ಕು ಗಂಟೆಗೆ ಎದ್ದು ಮಾರ್ಕೆಟ್ಟಿಗೆ ಹೋಗಬೇಕು. ಮಂಡಿಯಲ್ಲಿ ಸೊಪ್ಪು, ಹೂವು ಕೊಳ್ಳಬೇಕು. ಬುಟ್ಟಿ ಹೊತ್ತು ಮೊದಲ ಬಸ್ ಹಿಡಿಯಬೇಕು. ಏಳಕ್ಕೆ ಬೋಣಿ ಆಗಬೇಕು. ಮೇ 18ರಿಂದ ಜಾರಿಗೆ ಬಂದ ಆದೇಶದಲ್ಲಿ ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಕರ್ಫ್ಯೂ. ಆಕೆಯ ಬೆಳಗು ಅಲ್ಲೇ ಹೋಯಿತು. ಗೋಬಿ, ಪಾನಿಪುರಿ, ಬಜ್ಜಿಯ ಗಾಡಿಯವರಿಗೆ ವ್ಯಾಪಾರ ಕುದುರುವುದೇ ಸಂಜೆ ಆರರ ಮೇಲೆ; ಅವರ ಸಂಜೆ ಹೋಯಿತು. ಮೇ 24ರ ಭಾನುವಾರ ಪೂರ್ತಿ ಕರ್ಫ್ಯೂ ಹೇರಿದರು. ಬೀದಿಯವರಿಗೆ ವಾರದ ದೊಡ್ಡ ವ್ಯಾಪಾರ ಭಾನುವಾರದ್ದು. ಕಲಾಸಿಪಾಳ್ಯದ ಸಗಟು ತರಕಾರಿ ವ್ಯಾಪಾರವನ್ನು ಊರ ಹೊರಗಿನ ಸಿಂಗೇನ ಅಗ್ರಹಾರಕ್ಕೆ ಎತ್ತಿಹಾಕಿದರು. ಟೆಂಪೊ ಇದ್ದವನು ಅಲ್ಲಿಗೆ ಹೋದ. ತಲೆಹೊರೆಯವಳು ಹೇಗೆ ಹೋಗಬೇಕು? ಮೇ 19ರಂದು ಬಿಎಂಟಿಸಿ ಬಸ್ಸು ಹೊರಟಾಗ ಟಿಕೆಟ್ಟೇ ಇರಲಿಲ್ಲ, ಪಾಸ್ ಮಾತ್ರ. ದಿನದ ಪಾಸಿಗೆ 70 ರೂಪಾಯಿ, ವಾರದ್ದಕ್ಕೆ 300. ನಾಲ್ಕು ಸ್ಟಾಪು ದಾಟುವವಳಿಗೂ 70. ದಿನಕ್ಕೆ ಇನ್ನೂರು ಉಳಿದರೆ ದೇವರು ದೊಡ್ಡವನು ಎನ್ನುವವಳ ಕೈಯಿಂದ 70 ರೂಪಾಯಿ ತೆಗೆಸಿದ ಮೇಲೆ, ವ್ಯಾಪಾರಕ್ಕೆ ಅಪ್ಪಣೆ ಕೊಟ್ಟಿದ್ದೇವೆ ಎನ್ನಲು ನಿಮಗೆ ಬಾಯಿ ಹೇಗೆ ಬಂತು? ಒಂದು ವಾರದ ಕೂಗಿನ ನಂತರ ಟಿಕೆಟ್ ಬಂತು. ಪಾರ್ಕುಗಳ ಗೇಟು ಮಾತ್ರ ಮೇ 19ರಂದೇ ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಐದರಿಂದ ಏಳು ಎಂದು ವಾಕಿಂಗ್ ಹೋಗುವವರ ಹೊತ್ತು ನೋಡಿಯೇ ತೆರೆದಿತ್ತು. ಒಬ್ಬರ ವಾಕಿಂಗಿನ ಹೊತ್ತು ಗೊತ್ತಿದ್ದವರಿಗೆ ಇನ್ನೊಬ್ಬರ ಬೋಣಿಯ ಹೊತ್ತು ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎಂಬ ನೆಪವನ್ನೂ ನಾನು ಒಪ್ಪುವುದಿಲ್ಲ. ತಿಳಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪ್ರತಿ ನಗರದಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40 ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು, ಆ ಪೈಕಿ ಮೂರನೇ ಒಂದು ಭಾಗ ಹೆಂಗಸರು. ಯಾವ ಹೊತ್ತಿಗೆ, ಎಲ್ಲಿ, ಹೇಗೆ ವ್ಯಾಪಾರ ನಡೆಯಬೇಕೆಂಬುದನ್ನು ಈ ಸಮಿತಿಯ ಮಾತು ಕೇಳಿ ತೀರ್ಮಾನಿಸಬೇಕು. ಐದು ವರ್ಷಕ್ಕೊಮ್ಮೆ ಸಮೀಕ್ಷೆ ಆಗಬೇಕು. ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಕೊಡಬೇಕು. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ; ಆ ಲೆಕ್ಕಕ್ಕೆ 2 ಲಕ್ಷ 10 ಸಾವಿರ ಮಂದಿಗೆ ಜಾಗ. 2017ರಲ್ಲಿ ಪಾಲಿಕೆ ಎಣಿಸಿದ್ದು ಸುಮಾರು 25 ಸಾವಿರ. ಉಳಿದವರು ಎಲ್ಲಿದ್ದರು? ಅದೇ ಬೀದಿಯಲ್ಲಿದ್ದರು. ಬೀಟ್ ಪೊಲೀಸಿನವನಿಗೆ ಮಾಮೂಲು ಕೊಡುವಾಗ ಕಣ್ಣಿಗೆ ಬೀಳುತ್ತಿದ್ದರು, ಎಣಿಸುವಾಗ ಬೀಳಲಿಲ್ಲ. ಎಣಿಕೆಗೆ ಸಿಗದವರಿಗೆ ಗುರುತಿನ ಚೀಟಿ ಇಲ್ಲ. ಚೀಟಿ ಇಲ್ಲದವರನ್ನು ಲಾಕ್‌ಡೌನಿನಲ್ಲಿ ಓಡಿಸುವುದು ಸುಲಭ, ಪರಿಹಾರದ ಪಟ್ಟಿಯಿಂದ ಬಿಡುವುದು ಇನ್ನೂ ಸುಲಭ.

ಬಿಟ್ಟರು ಕೂಡ. ಮದ್ಯದ ಸುಂಕ ಏರಿಸಿದ ಅದೇ ಮೇ 6ರಂದು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಣೆಯಾಯಿತು. 2,30,000 ಕ್ಷೌರಿಕರು, 60,000 ಮಡಿವಾಳರು, 7,75,000 ಆಟೊ, ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕ ಮನ್ನಾ. ಬೀದಿ ವ್ಯಾಪಾರಿಯ ಹೆಸರು ಅದರಲ್ಲಿರಲಿಲ್ಲ. ಹೆಸರಿದ್ದವರ ಪಾಡಾದರೂ ಏನು? ಮಾರ್ಚ್ 25ರಿಂದ ಮೇ 18ರವರೆಗೆ 55 ದಿನ. 5,000ವನ್ನು ಭಾಗಿಸಿದರೆ ದಿನಕ್ಕೆ 91 ರೂಪಾಯಿ. ಅದನ್ನು ಪಡೆಯಲು ಆಧಾರ್, ಬ್ಯಾಂಕ್ ಖಾತೆ, ಕಸುಬಿನ ಪ್ರಮಾಣಪತ್ರ, ಕಂಪ್ಯೂಟರಿನಲ್ಲಿ ಅರ್ಜಿ. ತಲೆಮಾರುಗಳಿಂದ ಈ ಊರಿನ ಗಡ್ಡ ಕೆರೆದವನು ತಾನು ಕ್ಷೌರಿಕನೆಂದು ಕಾಗದ ತಂದು ತೋರಿಸಬೇಕಿತ್ತು. ಜೂನ್ 1ರಂದು ಕೇಂದ್ರ ಸರ್ಕಾರ ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ತಂದಿತು: 10,000 ರೂಪಾಯಿಯವರೆಗೆ ಸಾಲ. ಸಾಲ! ವ್ಯಾಪಾರ ನಿಲ್ಲಿಸಿದ್ದು ಸರ್ಕಾರ, ತೀರಿಸಬೇಕಾದವಳು ಆಕೆ. ಮೀಟರ್ ಬಡ್ಡಿಯವನ ಕೈಯಿಂದ ಬಿಡಿಸಿಕೊಳ್ಳಲು ಆ ಹಣ ಕೆಲವರಿಗೆ ಒದಗಿತು, ಅದನ್ನು ಅಲ್ಲಗಳೆಯುವುದಿಲ್ಲ. ನಷ್ಟಕ್ಕೆ ಸಾಲ ಪರಿಹಾರವಾಗುವುದಿಲ್ಲ.

2021ರಲ್ಲಿ ಪಾಠ ಕಲಿತಿದ್ದರೇ? ಏಪ್ರಿಲ್ 27ರಿಂದ ಮತ್ತೆ ಬೀಗ. ಅದಕ್ಕೂ ಮೊದಲೇ, ಏಪ್ರಿಲ್ 22ರಂದು, ಹಗಲು ವ್ಯಾಪಾರದ ನಡುವೆ ಪೊಲೀಸರು ಬಂದು ಅಂಗಡಿಗಳ ಶಟರ್ ಎಳೆಸಿದರು. ಏನು ಆದೇಶ, ಯಾವ ಆದೇಶ ಎಂದು ಅಂಗಡಿಯವರಿಗೆ ಗೊತ್ತಾಗುವ ಮೊದಲೇ ಲಾಠಿ ಬಂದಿತ್ತು. ಕಟ್ಟಡ ಕೆಲಸಕ್ಕೆ ಈ ಸಲವೂ ಅನುಮತಿ ಇತ್ತು, ಗಾರ್ಮೆಂಟ್ಸ್‌ಗೆ ಇರಲಿಲ್ಲ. ಮೇ 19ರ ಪ್ಯಾಕೇಜಿನಲ್ಲಿ ನೋಂದಾಯಿತ ಬೀದಿ ವ್ಯಾಪಾರಿಗೆ 2,000 ರೂಪಾಯಿ ಬಂತು. ಜೂನ್ 14ರಂದು ಬೀಗ ಸಡಿಲವಾಗುವವರೆಗಿನ 48 ದಿನಗಳಿಗೆ ಹಂಚಿದರೆ ದಿನಕ್ಕೆ 42 ರೂಪಾಯಿಯೂ ಇಲ್ಲ.

ಮುಚ್ಚುವ, ತೆರೆಯುವ ಆದೇಶಗಳಿಗೆ ಆಧಾರವಾಗಿದ್ದ ಕಾಯ್ದೆಗಳಲ್ಲಿ ಎರಡನ್ನು ನೋಡಿ. ಒಂದು 1897ರದು, ಬೊಂಬಾಯಿಯ ಪ್ಲೇಗಿಗೆಂದು ಬ್ರಿಟಿಷರು ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮೂಲದಲ್ಲಿ ನಾಲ್ಕೇ ಸೆಕ್ಷನ್ನು: ಹೆಸರು, ಅಧಿಕಾರ, ಶಿಕ್ಷೆ, ಮತ್ತು ಅಧಿಕಾರಿಯ ಮೇಲೆ ಯಾರೂ ದಾವೆ ಹೂಡದಂತೆ ರಕ್ಷಣೆ. ಆಳಿಸಿಕೊಳ್ಳುವವರ ಹೊಟ್ಟೆಯ ಮಾತು ಅದರಲ್ಲಿಲ್ಲ. ಪರಕೀಯರು ಬರೆದದ್ದು, ಅವರಿಂದ ಅದನ್ನು ನಿರೀಕ್ಷಿಸುವಂತೆಯೂ ಇಲ್ಲ. ಇನ್ನೊಂದು ನಮ್ಮದೇ ಸಂಸತ್ತು 2005ರಲ್ಲಿ ಮಾಡಿದ ವಿಪತ್ತು ನಿರ್ವಹಣಾ ಕಾಯ್ದೆ. ಅದರ 12ನೇ ಸೆಕ್ಷನ್ ಸಂತ್ರಸ್ತರಿಗೆ ಸಲ್ಲಬೇಕಾದ ಕನಿಷ್ಠ ಪರಿಹಾರದ ಬಗ್ಗೆ ಹೇಳುತ್ತದೆ. ಅನ್ನ, ನೀರು, ವಸತಿಯ ಜೊತೆಗೆ ಜೀವನೋಪಾಯವನ್ನು ಮತ್ತೆ ಕಟ್ಟಿಕೊಳ್ಳಲು ನೆರವು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಅದೇ ಕಾಯ್ದೆಯ 51ರಿಂದ 60ರವರೆಗಿನ ಸೆಕ್ಷನ್‌ಗಳು ಶಿಕ್ಷೆಯವು. ಲಾಕ್‌ಡೌನಿನ, ಅನ್‌ಲಾಕಿನ ಮಾರ್ಗಸೂಚಿಗಳನ್ನು ತೆಗೆದು ಕೊನೆಯ ಪುಟ ನೋಡಿ: ಉಲ್ಲಂಘಿಸಿದವರ ಮೇಲೆ 51ರಿಂದ 60ರ ಅಡಿ ಕ್ರಮ ಎಂಬ ಎಚ್ಚರಿಕೆ ತಪ್ಪದೆ ಇರುತ್ತದೆ. 12ನೇ ಸೆಕ್ಷನ್ನಿನ ಅಡಿ ನಿಮಗೆ ಇಷ್ಟು ಸಲ್ಲಬೇಕು ಎಂಬ ಸಾಲು ಎಲ್ಲಿ? ಒಂದೇ ಕಾಯ್ದೆಯಿಂದ ಲಾಠಿಯನ್ನು ಆರಿಸಿಕೊಂಡು ಅನ್ನವನ್ನು ಬಿಟ್ಟುಬಂದವರ ಮೇಲೆ ನನಗೆ ಕೋಪ ಇದೆ. ಅದು ಇಷ್ಟು ವರ್ಷವಾದರೂ ಇಳಿದಿಲ್ಲ, ಇಳಿಯಬೇಕಾದ ಕಾರಣವೂ ಕಾಣುತ್ತಿಲ್ಲ.

ಕೇಳೋಣವೆಂದರೆ ಕೇಳಿಸಿಕೊಳ್ಳುವವರೂ ಇರಲಿಲ್ಲ. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಚುನಾವಣೆ ನಡೆಯಲೇ ಇಲ್ಲ. ಎರಡನೇ ಅಲೆಯಲ್ಲಿ, ಹಾಸಿಗೆಗೂ ಆಮ್ಲಜನಕಕ್ಕೂ ಜನ ಅಲೆಯುವಾಗ, ವಾರ್ಡಿಗೊಬ್ಬ ಕಾರ್ಪೊರೇಟರ್ ಇರಲಿಲ್ಲ. ಸಹಿ ಹಾಕುವ ಅಧಿಕಾರಿಗಳಿದ್ದರು. ಐದು ವರ್ಷ ಹಾಗೇ ಕಳೆದು, 2025ರಲ್ಲಿ ಆ ಪಾಲಿಕೆಯನ್ನೇ ಒಡೆದು ಐದು ಮಾಡಿದರು.

ಆ ಐದೂ ಪಾಲಿಕೆಗಳಿಗೆ ನನ್ನ ಬೇಡಿಕೆ ಇದು. ಮುಂದಿನ ರೋಗಕ್ಕೆ ಕಾಯಬೇಡಿ. ಮುಚ್ಚುವ, ತೆರೆಯುವ ಆದೇಶದ ಕರಡನ್ನು ಈಗಲೇ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ಬರೆಯುವ ಕೋಣೆಯಲ್ಲಿ ಹೂವು ಮಾರುವವಳು, ಗಾರೆಯವನು, ಗಾರ್ಮೆಂಟ್ಸಿನವಳು, ಪೌರಕಾರ್ಮಿಕರು ಕುರ್ಚಿಯ ಮೇಲೆ ಕೂತಿರಬೇಕು. ಯಾವ ಕಸುಬನ್ನು ಎಷ್ಟು ದಿನ ನಿಲ್ಲಿಸುತ್ತೀರೋ ಅಷ್ಟು ದಿನದ ಕನಿಷ್ಠ ಕೂಲಿ ಎಷ್ಟು, ಯಾವ ತಾರೀಖಿಗೆ, ಯಾರ ಕೈಗೆ ಎಂಬುದು ಶಿಕ್ಷೆಯ ಸಾಲಿಗಿಂತ ಮೇಲೆ, ಮೊದಲ ಪುಟದಲ್ಲಿರಬೇಕು. ಪಟ್ಟಣ ವ್ಯಾಪಾರ ಸಮಿತಿಗಳನ್ನು ಕೂರಿಸಿ, ಬೀದಿಯಲ್ಲಿರುವ ಪ್ರತಿಯೊಬ್ಬರನ್ನೂ ಎಣಿಸಿ, ಪ್ರಮಾಣಪತ್ರ ಕೊಡಿ. ಅದು ಮುಗಿಯುವ ತನಕ ಈ ಊರಿನ ಯಾವ ಫುಟ್‌ಪಾತಿನಿಂದಲೂ ಒಂದೇ ಒಂದು ತಳ್ಳುಗಾಡಿಯನ್ನು ಎತ್ತುವ ಅಧಿಕಾರ ನಿಮಗಿಲ್ಲ. 2014ರ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಅದು ಬರೆದೇ ಇದೆ.