ರಕ್ತಕ್ಕೆ ಅರ್ಧ ಗಂಟೆ ಬಿಡುವು ಕೊಡ್ರಪ್ಪಾ!

ಮಳೆಗಾಲ ಬಂತೆಂದರೆ ಮಂಡ್ಯ ಜಿಲ್ಲೆಯಲ್ಲಿ ಸೊಳ್ಳೆಗಳಿಗೆ ಸುಗ್ಗಿ. ಡೆಂಗೆ ಅನುಮಾನದ ಮೇಲೆ ಮಳವಳ್ಳಿಯ ಅಂಗಡಿಯವನೊಬ್ಬ ಕೈಯೊಡ್ಡಿ ರಕ್ತ ಕೊಟ್ಟು ಬಂದರೆ ಮುಗಿಯಿತೆ? 'ರಿಪೋರ್ಟ್ ಬಂತೇನಣ್ಣಾ?' ಅಂತ ಗಿರಾಕಿಗಳೆಲ್ಲ ಕೇಳೋರೇ. ಬಂದಿರೋದಿಲ್ಲ!

ತಡವಾದರೆ ಜನ ಬೈಯುವುದು ಯಂತ್ರವನ್ನು. ಆದರೆ ಕೆಲಸ ಕೆಡುವುದು ಯಂತ್ರಕ್ಕೂ ಮುಂಚೆ. ಎಲಿಸಾ ಪರೀಕ್ಷೆಗೆ ಬೇಕಾದ್ದು ಇಡೀ ರಕ್ತವಲ್ಲ, ಅದರ ಸೀರಂ. ಜ್ವರ ಹಿಡಿದ ಐದಾರು ದಿನಕ್ಕೆ ದೇಹ ಹುಟ್ಟಿಸುವ ಐಜಿಎಂ ಪ್ರತಿಕಾಯ ಸಿಗುವುದು ಅದರಲ್ಲೇ. ತೆಗೆದ ರಕ್ತ ಅಲುಗಾಡದೆ ಸುಮಾರು ಅರ್ಧ ಗಂಟೆ ನಿಂತು ಹೆಪ್ಪುಗಟ್ಟಬೇಕು. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ಹತ್ತು ನಿಮಿಷ ಗಿರಗಿರನೆ ತಿರುಗಿದರೆ, ಮೊಸರಿನ ಮೇಲೆ ತಿಳಿನೀರು ನಿಂತಂತೆ ಸೀರಂ ನಿಲ್ಲುತ್ತದೆ. ಹೆಪ್ಪು ಹಾಕಿದ ಪಾತ್ರೆಯನ್ನು ಕುಲುಕುತ್ತಾ ಕೂತರೆ ಮೊಸರಾದೀತೆ? ಇದೂ ಹಾಗೇ. ರಕ್ತದ ಟ್ಯೂಬನ್ನು ಹಾಗೇ ಗಾಡಿಗೆ ಹಾಕಿ ಗುಂಡಿಬಿದ್ದ ರಸ್ತೆಯಲ್ಲಿ ಕುಲುಕಿಸಿದರೆ ಕಣಗಳು ಒಡೆದು ಸೀರಂ ಕೆಂಪಾಗುತ್ತದೆ. ಆಗ ರೋಗಿಯ ಕೈಗೆ ಮತ್ತೆ ಸೂಜಿ!

ಇದಕ್ಕೆ ಹೊಸ ಕಟ್ಟಡ ಬೇಡ, ಲಕ್ಷಗಟ್ಟಲೆ ಹಣವೂ ಬೇಡ. ಮದ್ದೂರಿನ ರಕ್ತದ ಸೀರಂ ಮದ್ದೂರಿನಲ್ಲೇ, ಮಳವಳ್ಳಿಯದು ಮಳವಳ್ಳಿಯಲ್ಲೇ ಬೇರ್ಪಡಲಿ. ಸೂಜಿ ತೆಗೆದ ಕೂಡಲೇ, ರೋಗಿಯ ಎದುರಿನಲ್ಲೇ, ಟ್ಯೂಬಿನ ಮೇಲೆ ಹೆಸರು, ನಂಬರು, ತಾರೀಖು ಬೀಳಲಿ. ಜ್ವರ ಶುರುವಾದ ದಿನ ಚೀಟಿಯಲ್ಲಿರಲಿ. ಬರೀ 'ಶಿವಣ್ಣ' ಅಂತ ಬರೆದರೆ ಈ ಜಿಲ್ಲೆಯಲ್ಲಿ ಯಾವ ಶಿವಣ್ಣ? ಐಸ್ ಪ್ಯಾಕಿನ ಪೆಟ್ಟಿಗೆ, 2ರಿಂದ 8 ಡಿಗ್ರಿ ತಂಪು, ಹೊರಡಲು ಗೊತ್ತಾದ ವೇಳೆ. ಇಷ್ಟೇ.

ವೇಳೆ ಯಾಕೆಂದರೆ, ಎಲಿಸಾ ತಟ್ಟೆಯಲ್ಲಿ 96 ಕುಳಿಗಳಿವೆ. ನಾಲ್ಕು ಮಂದಿಗಾಗಿ ತಟ್ಟೆ ಹೂಡಿದರೆ ದುಂದು. ಅದಕ್ಕೇ ಲ್ಯಾಬಿನವರು ಕಾಯುತ್ತಾರೆ. ಎರಡೂ ತಾಲ್ಲೂಕಿನ ಪೆಟ್ಟಿಗೆ ಬೆಳಿಗ್ಗೆ ಒಟ್ಟಿಗೆ ಮಂಡ್ಯ ಸೇರಿದರೆ ಕಾಯುವ ಮಾತೆಲ್ಲಿ? ಬಸ್ಸಿಗೆ ಟೈಮ್‌ಟೇಬಲ್ ಇದೆ, ಸೀರಂ ಪೆಟ್ಟಿಗೆಗೆ ಇರಬಾರದೇ?

'ಇರುವ ಸಿಬ್ಬಂದಿಗೇ ಹೊರೆ ಸ್ವಾಮಿ' ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಒಬ್ಬನ ರಕ್ತ ಎರಡು ಸಲ ತೆಗೆಯುವುದು ಹೊರೆಯಲ್ಲವೇ?

ರಿಪೋರ್ಟ್ ಬರೀ ರೋಗಿಗಲ್ಲ, ಅವನ ಬೀದಿಗೂ ಬೇಕು. ಅದು ತಡವಾದರೆ ತೊಟ್ಟಿಯ ಹುಳ ಅಷ್ಟರಲ್ಲಿ ಸೊಳ್ಳೆಯಾಗಿ ಹಾರಿರುತ್ತದೆ, ಪಕ್ಕದ ಮನೆ ಮಗುವೂ ಮಲಗಿರುತ್ತದೆ.

2024ರಲ್ಲಿ ರಾಜ್ಯ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಸಾರಿತು, ಖಾಸಗಿ ಲ್ಯಾಬುಗಳ ಐಜಿಎಂ ಎಲಿಸಾಗೆ 300 ರೂಪಾಯಿ ದರ ಕಟ್ಟಿತು. ಒಳ್ಳೇದೇ ಆಯ್ತು. ದರಕ್ಕೆ ಮಿತಿ ಬಂತು, ವೇಳೆಗೆ ಯಾವಾಗ? ಜಿಲ್ಲೆಯ ಆರೋಗ್ಯಾಧಿಕಾರಿಗಳು ಮುಂದಿನ ಮಳೆಗೆ ಮುಂಚೆ ಹೇಳುವರೇ?