ಡ್ಯಾಫಡಿಲ್ ಪ್ರೇಮಿಗಳಿಗೆ ಮಳವಳ್ಳಿ ಕಡೆಯಿಂದ ಒಂದು ತಕರಾರು

ಕನ್ನಡದಲ್ಲಿ ಇಂಗ್ಲೆಂಡ್ ಪ್ರವಾಸಕಥನ ಬರೆಯೋದಕ್ಕೆ ಒಂದು ಅಚ್ಚು ತಯಾರಾಗಿ ಕೂತಿದೆ. ಮೊದಲ ಪ್ಯಾರಾದಲ್ಲಿ ಲಂಡನ್ನಿನ ಗದ್ದಲ, ಎರಡನೆಯದರಲ್ಲಿ ರೈಲಿನ ಕಿಟಕಿ, ಮೂರನೆಯದರಲ್ಲಿ ಹಸಿರು ಗುಡ್ಡ, ಕುರಿ, ಕಲ್ಲಿನ ಗೋಡೆ. ನಾಲ್ಕನೆಯದರಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ನೆನಪಾಗುತ್ತಾರೆ, ಅವರ ಹಿಂದೆಯೇ ವರ್ಡ್ಸ್‌ವರ್ತ್ ಬರುತ್ತಾನೆ, ಕಣ್ಣು ಒದ್ದೆಯಾಗುತ್ತದೆ. ಕೊನೆಯ ಸಾಲಂತೂ ಎಲ್ಲರದ್ದೂ ಒಂದೇ. "ನಮ್ಮಲ್ಲಿ ಯಾಕೆ ಹೀಗಿಲ್ಲ?"

ನನ್ನ ತಕರಾರು ಇರೋದು ಆ ಕೊನೆಯ ಸಾಲಿನ ಮೇಲೆ.

ಮೊದಲೇ ಹೇಳಿಬಿಡ್ತೀನಿ, ಇಂಗ್ಲೆಂಡಿನ ಹಳ್ಳಿಗಾಡು ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ. ಕೆಲಸದ ಮೇಲೆ ಹೋದಾಗ ಗ್ರಾಸ್ಮಿಯರ್ ನೋಡಿ ಬಂದವನು ನಾನೂ. ಚೆನ್ನಾಗಿದೆ, ಬಹಳ ಚೆನ್ನಾಗಿದೆ. 1930ರ ದಶಕದಲ್ಲಿ ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋಗಿ 'ಸಮುದ್ರದಾಚೆಯಿಂದ' ಬರೆದರಲ್ಲ, ಅಲ್ಲಿಂದ ಇಲ್ಲಿಯವರೆಗೆ ಕನ್ನಡದವರು ಆ ನಾಡಿಗೆ ಪುಸ್ತಕ ಬಗಲಲ್ಲಿಟ್ಟುಕೊಂಡೇ ಹೋಗಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರೀತಿ ಅಂದಮೇಲೆ ನಾಲ್ಕು ಪ್ರಶ್ನೆ ಕೇಳಬಾರದು ಅಂತ ಕಾನೂನಿದೆಯಾ?

ಮೊದಲ ಪ್ರಶ್ನೆ. ಈ ಪ್ರೀತಿ ಹುಟ್ಟಿದ್ದು ಎಲ್ಲಿ? ಗ್ರಾಸ್ಮಿಯರಿನಲ್ಲಂತೂ ಅಲ್ಲ. ಅದು ಹುಟ್ಟಿದ್ದು ಮದ್ದೂರು, ಮಳವಳ್ಳಿ ಕಡೆಯ ಹೈಸ್ಕೂಲುಗಳಲ್ಲಿ, ಕಿಟಕಿಯಾಚೆ ಕಬ್ಬಿನ ಗದ್ದೆ ಇದ್ದಾಗ, ಯಾರೂ ಯಾವತ್ತೂ ಕಾಣದ ಹಳದಿ ಹೂವಿನ ಪದ್ಯವನ್ನು ಬಾಯಿಪಾಠ ಮಾಡುವಾಗ. 'ದೂರದ ಬೆಟ್ಟ ನುಣ್ಣಗೆ' ಅನ್ನೋ ಗಾದೆ ಇಲ್ಲಿಗೆ ಸಾಲದು. ಈ ಬೆಟ್ಟ ಹತ್ತಿರ ಹೋದರೂ ನುಣ್ಣಗೇ ಕಾಣುತ್ತದೆ, ಯಾಕಂದರೆ ನಾವು ಅದನ್ನು ನೋಡೋಕೆ ಹೋಗಿರೋದಿಲ್ಲ, ಓದಿದ್ದು ಸರಿಯಿದೆಯಾ ಅಂತ ತಾಳೆ ನೋಡೋಕೆ ಹೋಗಿರ್ತೀವಿ. ಕೆರಿಬಿಯನ್ನಿನ ಆಂಟಿಗುವಾ ದ್ವೀಪದಲ್ಲಿ ಹುಟ್ಟಿದ ಜಮೈಕಾ ಕಿಂಕೈಡ್ 1990ರಲ್ಲಿ 'ಲೂಸಿ' ಅಂತ ಕಾದಂಬರಿ ಬರೆದಳು. ಅದರ ನಾಯಕಿಯೂ ಶಾಲೆಯಲ್ಲಿ ಇದೇ ಪದ್ಯ ಬಾಯಿಪಾಠ ಮಾಡಿದವಳು. ದೊಡ್ಡವಳಾಗಿ ನಿಜವಾದ ಡ್ಯಾಫಡಿಲ್ ಕಂಡಾಗ ಅವಳಿಗೆ ಕಣ್ಣೀರು ಬರೋದಿಲ್ಲ, ಕೊಚ್ಚಿ ಹಾಕೋಣ ಅನ್ನಿಸುತ್ತದೆ. ನಮಗೆ ಅಷ್ಟು ಕೋಪ ಬೇಡ. ಆದರೆ ಇಬ್ಬರೂ ಒಂದೇ ಪದ್ಯ ಓದಿ, ಅವಳಿಗೆ ಕೋಪ ಬಂದಲ್ಲಿ ನಮಗೆ ಬರೀ ಭಕ್ತಿ ಮಾತ್ರ ಯಾಕೆ ಬಂತು ಅಂತಾದರೂ ಯೋಚಿಸಬೇಕಲ್ವಾ?

ಎರಡನೆಯ ಪ್ರಶ್ನೆ. ಆ ಚೆಂದಕ್ಕೆ ದುಡ್ಡು ಕೊಟ್ಟವರು ಯಾರು?

ಸ್ವಲ್ಪ ತಾರೀಖು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ವರ್ಡ್ಸ್‌ವರ್ತ್ ತಂಗಿ ಡೊರೊಥಿಯ ಜೊತೆ ಗ್ರಾಸ್ಮಿಯರಿನ ಡವ್ ಕಾಟೇಜಿಗೆ ಬಂದು ಸಂಸಾರ ಹೂಡಿದ್ದು 1799ರ ಡಿಸೆಂಬರಿನಲ್ಲಿ. ಅದೇ ವರ್ಷ ಮಾರ್ಚ್ 27ರಂದು ನಮ್ಮ ಮಳವಳ್ಳಿಯಲ್ಲಿ ಜನರಲ್ ಜಾರ್ಜ್ ಹ್ಯಾರಿಸನ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಯುದ್ಧವಾಯಿತು. ಟಿಪ್ಪು ಹಿಂದೆ ಸರಿದ. ಹ್ಯಾರಿಸ್ ಸೋಸಲೆ ಹತ್ತಿರ ಕಾವೇರಿ ದಾಟಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಮೇ 4ಕ್ಕೆ ಕೋಟೆ ಬಿತ್ತು, ಲೂಟಿಯಾಯಿತು. (ಟಿಪ್ಪು ಪರ, ಟಿಪ್ಪು ವಿರೋಧ ಎರಡೂ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ಜಾಗಗಳಿವೆ.) ಲೂಟಿಯ ಹಣವನ್ನು ಅಂತಸ್ತಿನ ಪ್ರಕಾರ ಹಂಚಿದಾಗ ಹ್ಯಾರಿಸನ ಪಾಲಿಗೆ ಬಂದದ್ದು ಒಂದು ಲಕ್ಷ ಪೌಂಡಿಗೂ ಹೆಚ್ಚು.

ಆ ದುಡ್ಡಲ್ಲಿ ಅವನು ಏನು ಮಾಡಿದ? 1801ರಲ್ಲಿ ಕೆಂಟ್ ಕೌಂಟಿಯ ಫೇವರ್‌ಶಾಮ್ ಹತ್ತಿರ ಬೆಲ್ಮಾಂಟ್ ಅನ್ನೋ ಬಂಗಲೆಯನ್ನು ಅದರ ತೋಟ, ಹುಲ್ಲುಗಾವಲು ಸಮೇತ ಕೊಂಡುಕೊಂಡ. 1815ರಲ್ಲಿ ಅವನಿಗೆ ಬ್ಯಾರನ್ ಪದವಿ ಸಿಕ್ಕಿತು. ಆ ಬಿರುದಿನಲ್ಲಿ ಶ್ರೀರಂಗಪಟ್ಟಣ, ಮೈಸೂರು, ಬೆಲ್ಮಾಂಟ್ ಮೂರೂ ಒಂದೇ ಸಾಲಿನಲ್ಲಿವೆ! ಆ ಮನೆ ಈಗಲೂ ಇದೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬಹುದು, ಹಳೆಯ ಗಡಿಯಾರಗಳ ಸಂಗ್ರಹ ನೋಡಬಹುದು, ತೋಟದಲ್ಲಿ ಅಡ್ಡಾಡಬಹುದು. ಅಪ್ಪಟ ಇಂಗ್ಲಿಷ್ ಹಳ್ಳಿಗಾಡು. ಅದರ ಅಡಿಪಾಯ ಅಗೆದರೆ ಮಾತ್ರ ಮಂಡ್ಯ ಜಿಲ್ಲೆಯ ಮಣ್ಣು ಸಿಗುತ್ತದೆ.

ಇದು ಯಾವನೋ ಸಿಪಾಯಿಯ ಕಥೆ, ಸಾಹಿತ್ಯಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' (1868) ಶುರುವಾಗುವುದೇ ಶ್ರೀರಂಗಪಟ್ಟಣದ ಲೂಟಿಯಿಂದ. ಅಲ್ಲಿ ಕದ್ದ ವಜ್ರ ಯಾರ್ಕ್‌ಷೈರಿನ ಹಳ್ಳಿಮನೆಯೊಂದಕ್ಕೆ ಬಂದು ಅಲ್ಲಿನವರ ನಿದ್ದೆ ಕೆಡಿಸುತ್ತದೆ. ಕಾದಂಬರಿಯ ಕೊನೆಗೆ ವಜ್ರವೇನೋ ಇಂಡಿಯಾಕ್ಕೆ ವಾಪಸ್ ಬರುತ್ತದೆ, ಬೆಲ್ಮಾಂಟಿನ ದುಡ್ಡು ಬರಲಿಲ್ಲ, ಅಷ್ಟೇ ವ್ಯತ್ಯಾಸ :) ಇನ್ನು ನಮ್ಮ ಪ್ರಕೃತಿ ಕವಿಯ ಮನೆಗೇ ಬನ್ನಿ. ವರ್ಡ್ಸ್‌ವರ್ತನ ತಮ್ಮ ಜಾನ್, ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕ್ಯಾಪ್ಟನ್. 1805ರ ಫೆಬ್ರವರಿಯಲ್ಲಿ ಈ ಕಡೆಗೆ ಹೊರಟ ಹಡಗು ಮುಳುಗಿ ಸತ್ತ. ಆ ವ್ಯಾಪಾರದಲ್ಲಿ ಅಣ್ಣ ಮತ್ತು ಅಕ್ಕನ ಹಣವೂ ಇತ್ತು.

ಇದನ್ನೆಲ್ಲ ನಾನು ಕಂಡುಹಿಡಿದದ್ದಲ್ಲ. ಹಳೆಯ ಬಂಗಲೆ, ತೋಟಗಳನ್ನು ಕಾಪಾಡುವ ಅಲ್ಲಿನ ನ್ಯಾಷನಲ್ ಟ್ರಸ್ಟ್ 2020ರಲ್ಲಿ ಒಂದು ವರದಿ ಹೊರತಂದಿತು. ತನ್ನ 93 ಆಸ್ತಿಗಳಿಗೆ ಗುಲಾಮಗಿರಿ, ವಸಾಹತುಗಳ ನಂಟಿದೆ ಅಂತ ಅದೇ ಒಪ್ಪಿಕೊಂಡಿತು. ಅಲ್ಲಿ ಅದಕ್ಕೆ ದೊಡ್ಡ ಗಲಾಟೆಯೂ ಆಯಿತು. ಇಂಗ್ಲಿಷರೇ ಕೇಳಿಕೊಳ್ಳುತ್ತಿರುವ ಪ್ರಶ್ನೆಯನ್ನು, ಲೂಟಿಯಾದ ಊರಿನ ನಾವು ಕೇಳೋದಿಲ್ಲ. ನಾವು ಕೇಳೋದು "ನಮ್ಮಲ್ಲಿ ಯಾಕೆ ಹೀಗಿಲ್ಲ?" ಇದು ಹೇಗಿದೆ ಅಂದರೆ, ಮನೆಯ ಪಾತ್ರೆ ಕಳೆದುಕೊಂಡವನು ಪಕ್ಕದ ಬೀದಿಯಲ್ಲಿ ಹೊಳೆಯುವ ಪಾತ್ರೆ ನೋಡಿ, "ಏನು ಅಚ್ಚುಕಟ್ಟಪ್ಪಾ ಈ ಜನ" ಅಂದ ಹಾಗಿದೆ.

ಇನ್ನೊಂದು ಭ್ರಮೆ, ಅದೆಲ್ಲ 'ಸಹಜ' ಸೌಂದರ್ಯ ಅನ್ನೋದು. ಆ ಬೇಲಿಗಳು, ಅಚ್ಚುಕಟ್ಟಾದ ಹೊಲಗಳು ತಾವಾಗಿ ಬೆಳೆದದ್ದಲ್ಲ. ಊರೊಟ್ಟಿನ ಗೋಮಾಳಗಳನ್ನು ಪಾರ್ಲಿಮೆಂಟಿನ ಕಾನೂನು ಮಾಡಿ ಮಾಡಿ ಜಮೀನುದಾರರ ಬೇಲಿಯೊಳಗೆ ಸೇರಿಸಿದರು. ಬಡವರ ಹಸು ಮೇಯೋಕೆ ಜಾಗ ಇಲ್ಲದೆ ಹೋಯಿತು. ಕೂಲಿ ಮಾಡುತ್ತಿದ್ದ ಜಾನ್ ಕ್ಲೇರ್ ಅನ್ನೋ ಕವಿ ಈ ನೋವನ್ನೇ ಬರೆದ. ನಮ್ಮ ಪ್ರವಾಸಿಗಳು ವರ್ಡ್ಸ್‌ವರ್ತನ ಮನೆಗೆ ಹೋಗುತ್ತಾರೆ, ಕ್ಲೇರನ ಊರು ಹೆಲ್ಪ್‌ಸ್ಟನ್ನಿಗೆ ಹೋದ ಕನ್ನಡಿಗರನ್ನು ನಾನಂತೂ ಕಂಡಿಲ್ಲ.

ಹಾಗೆ ನೋಡಿದರೆ ಮಂಡ್ಯದ ಹಸಿರೂ ಸಹಜವಲ್ಲ. ಕನ್ನಂಬಾಡಿ ಕಟ್ಟೆ, ಆಮೇಲೆ ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ), 1933ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆ, ಇವೆಲ್ಲ ಸೇರಿ ಮಾಡಿದ ಹಸಿರು ಅದು. ಕಾರಿನಲ್ಲಿ ಹೋಗುವವರು "ವಾಹ್, ಎಷ್ಟು ಹಸಿರು" ಅಂತಾರೆ. ಮದ್ದೂರು, ಮಳವಳ್ಳಿಯ ನಾಲೆ ಕೊನೇ ಭಾಗದ ರೈತನನ್ನು ಕೇಳಿ, ನೀರು ಯಾವಾಗ ಬರುತ್ತೆ, ಎಷ್ಟು ದಿನ ಇರುತ್ತೆ ಅಂತ. 2015ರಲ್ಲಿ ಇದೇ ಹಸಿರಿನ ನಡುವೆ ಕಬ್ಬು ಬೆಳೆದವರು ಸಾಲಕ್ಕೆ ಸಿಕ್ಕಿ ಜೀವ ಕಳೆದುಕೊಂಡರು. ಹಳ್ಳಿಗಾಡನ್ನು ಬರೀ ಚೆಂದ ಅಂತ ನೋಡುವ ಕಣ್ಣು ಕೆಂಟ್‌ನಲ್ಲೂ ಕುರುಡು, ಮಳವಳ್ಳಿಯಲ್ಲೂ ಕುರುಡು.

ಹಾಗಾದರೆ ಇಂಗ್ಲೆಂಡಿನಿಂದ ಕಲಿಯೋದು ಏನೂ ಇಲ್ಲವಾ? ಇದೆ, ಒಂದು ದೊಡ್ಡ ವಿಷಯ ಇದೆ. ಅಲ್ಲಿ ಯಾರದೋ ಹೊಲದ ನಡುವೆ ಕಾಲುದಾರಿಯಲ್ಲಿ ನೀವು ರಾಜಾರೋಷವಾಗಿ ನಡೆದು ಹೋಗಬಹುದು. ಅದು ಹಕ್ಕು. ಇದನ್ನು ನಮ್ಮವರು 'ಇಂಗ್ಲಿಷರ ಪ್ರಕೃತಿ ಪ್ರೇಮ' ಅಂತ ಬರೆದು ಮುಗಿಸುತ್ತಾರೆ. ಪ್ರೇಮ ಅಲ್ಲ ಸ್ವಾಮಿ, ಜಗಳ! 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಕೆಲಸಗಾರ ಹುಡುಗರು ಕಿಂಡರ್ ಸ್ಕೌಟ್ ಅನ್ನೋ ಬೆಟ್ಟಕ್ಕೆ ನುಗ್ಗಿದರು. ಅದು ದೊರೆಗಳು ಹಕ್ಕಿ ಬೇಟೆಗೆ ಕಾದಿಟ್ಟುಕೊಂಡ ಜಾಗ. ಐದು ಜನ ಜೈಲಿಗೆ ಹೋದರು. ಅಂಥ ಜಗಳಗಳ ಫಲವಾಗಿ 1949ರಲ್ಲಿ ರಾಷ್ಟ್ರೀಯ ಉದ್ಯಾನ ಮತ್ತು ಕಾಲುದಾರಿಗಳ ಕಾನೂನು ಬಂತು. ಕಿಂಡರ್ ಸ್ಕೌಟಿನ ಆರು ವರ್ಷಕ್ಕೆ, 1938ರ ಏಪ್ರಿಲಿನಲ್ಲಿ, ಮದ್ದೂರಿನ ಶಿವಪುರದಲ್ಲಿ ನಮ್ಮ ಜನ ನಿಷೇಧ ಮುರಿದು ಬಾವುಟ ಹಾರಿಸಿದರು. ಎರಡೂ ಕಡೆ ಕೇಳಿದ್ದು ಒಂದೇ, ಈ ನೆಲದ ಮೇಲೆ ನಿಲ್ಲೋಕೆ ನಮಗೂ ಹಕ್ಕಿದೆ ಅಂತ. ಪ್ರವಾಸಕಥನ ಬರೆಯುವವರು ಕಿಂಡರ್ ಸ್ಕೌಟ್ ಮತ್ತು ಶಿವಪುರ ಎರಡನ್ನೂ ಒಂದೇ ಲೇಖನದಲ್ಲಿ ಬರೆದರೆ ನಾನು ಎರಡು ಸಲ ಓದ್ತೀನಿ.

ಈಗ ಆ ಪ್ರಸಿದ್ಧ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಯಾಕೆ ಹೀಗಿಲ್ಲ?

ಇದೆಯಲ್ಲ! ಬೆಂಗಳೂರಿನಿಂದ ಕನಕಪುರದ ಮೇಲೆ ಗಗನಚುಕ್ಕಿಗೆ ಹೋಗ್ತೀರಲ್ಲ, ದಾರಿಯಲ್ಲಿ ಹಲಗೂರು ಸಿಗುತ್ತದೆ. ಕಾಫಿಗೆ ನಿಲ್ಲಿಸ್ತೀರಿ, ಹೊರಡ್ತೀರಿ. ಅದು ಮಂಟೇಸ್ವಾಮಿ ಕಾವ್ಯದ ಹಲಗೂರು. ಕಬ್ಬಿಣದ ಭಿಕ್ಷೆ ಕೇಳಿ ಬಂದ ಸಿದ್ದಪ್ಪಾಜಿಯನ್ನು ಪಾಂಚಾಳರು ಪರೀಕ್ಷೆಯ ಮೇಲೆ ಪರೀಕ್ಷೆಗೆ ಒಡ್ಡಿದ ಊರು. ಅದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಇದೆ. ಕಲ್ಯಾಣದಲ್ಲಿ ಬಸವಣ್ಣನವರನ್ನೇ ಪರೀಕ್ಷೆ ಮಾಡಿ, ಅಲ್ಲಿಂದ ತೆಂಕಣಕ್ಕೆ ನಡೆದು ಬಂದ 'ಧರೆಗೆ ದೊಡ್ಡವರ' ಕಥೆಯನ್ನು ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಆ ಕಥೆಯ ಊರುಗಳು ಕಲ್ಪನೆಯವಲ್ಲ, ಬಸ್ ಬೋರ್ಡಿನ ಮೇಲೆ ಬರೆದಿರುವ ಊರುಗಳು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳಿಂದ ಅದು ಮನೆಮನೆಗೆ ಬಂತು, ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ'ದಿಂದ ರಂಗಕ್ಕೆ ಬಂತು. ಸಾಹಿತ್ಯ ಯಾತ್ರೆ ಅಂದರೆ ಇದಲ್ಲದೆ ಇನ್ನೇನು? ಹಾವರ್ತಿಗೆ ಹೋಗಿ ಬ್ರಾಂಟೆ ಸೋದರಿಯರ ಬಯಲಿನ ಗಾಳಿ ಕುಡಿದು ಬಂದವರಿಗೆ, ತಮ್ಮ ಕಾರಿನ ಚಕ್ರದ ಕೆಳಗೆ ಒಂದು ಮಹಾಕಾವ್ಯ ಹಾದುಹೋದದ್ದು ಗೊತ್ತಾಗೋದಿಲ್ಲ.

ಇನ್ನೂ ಬೇಕಾ? ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ. ಡಾಕ್ಟರಾಗಿ ಹಳ್ಳಿಗರ ನಾಡಿ ಹಿಡಿಯುತ್ತಲೇ ಅವರ ಕಥೆ ಬರೆದ ಬೆಸಗರಹಳ್ಳಿ ರಾಮಣ್ಣನವರ ಊರು. ಹಾರ್ಡಿಯ ಡಾರ್ಚೆಸ್ಟರ್ ನೋಡಿ ಬಂದ ಎಷ್ಟು ಜನ ರಾಮಣ್ಣನವರ 'ಗಾಂಧಿ' ಕಥೆ ಓದಿದ್ದೀರಿ? ಅದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಮರಿ ಮಾಡೋಕೆ ಬರುವ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಅದಕ್ಕಿಂತ ಒಳ್ಳೆಯ ಪ್ರಕೃತಿ ಕವಿತೆ ಗ್ರಾಸ್ಮಿಯರಿನಲ್ಲಿ ನನಗಂತೂ ಸಿಗಲಿಲ್ಲ. ಇನ್ನೊಂದು ಬೆಳ್ಳೂರು ಇದೆ, ನಾಗಮಂಗಲ ತಾಲ್ಲೂಕಿನದು, ಬಿ.ಎಂ.ಶ್ರೀಯವರ ಹೆಸರಿನ ಮೊದಲಕ್ಷರ. ಅವರು 'ಇಂಗ್ಲಿಷ್ ಗೀತಗಳು' ಮಾಡಿದಾಗ ಇಂಗ್ಲೆಂಡನ್ನು ಪೂಜೆ ಮಾಡಲಿಲ್ಲ, ಬೇಕಾದ್ದನ್ನು ತಂದು ಕನ್ನಡದ ಪಾತಿಗೆ ನೆಟ್ಟರು. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಸ್ಕಾಟ್‌ಲ್ಯಾಂಡಿನ ಬರ್ನ್ಸ್‌ನನ್ನು ಓದಿದರು, ಅನುವಾದವನ್ನೂ ಮಾಡಿದರು. ಆದರೆ 1942ರಲ್ಲಿ 'ಮೈಸೂರು ಮಲ್ಲಿಗೆ' ಬಂದಾಗ ಅದರಲ್ಲಿ ಸ್ಕಾಟ್‌ಲ್ಯಾಂಡಿನ ಗುಡ್ಡ ಇರಲಿಲ್ಲ, ಹೆಂಡತಿಯ ತವರೂರು ಇತ್ತು. ಹಿರಿಯರಿಗೆ ಅಲ್ಲಿಂದ ಏನು ತರಬೇಕು ಅಂತ ಗೊತ್ತಿತ್ತು. ನಾವು ತರೋದು ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ.

"ಸರಿ, ಆದರೆ ಇಲ್ಲಿ ಕಸ, ಪ್ಲಾಸ್ಟಿಕ್, ಕುಡಿದು ಎಸೆದ ಬಾಟಲಿ" ಅಂತೀರಿ. ನಿಜ. ಮುತ್ತತ್ತಿಯ ಹೊಳೆ ದಡದಲ್ಲಿ ಬಾಟಲಿ ಒಡೆಯೋರು ಯಾರು? ಹಲಗೂರಿನ ರೈತರಾ, ವೀಕೆಂಡಿಗೆ ಬಂದ ನಮ್ಮಂಥವರಾ? ಇನ್ನು ಕೆಲವರು ಹಲಗೂರಿಗೂ ಟಿಕೆಟ್ ಕೌಂಟರ್, ಕೆಫೆ, 'ಹಳ್ಳಿ ಅನುಭವ'ದ ರೆಸಾರ್ಟ್ ಬರಲಿ ಅಂತಾರೆ. ಅದೂ ಬೇಡ. ಮಂಟೇಸ್ವಾಮಿಗೆ ಟೀ ಶರ್ಟ್ ಹೊಲಿಸಬೇಕಾಗಿಲ್ಲ. ಆದರೆ ಒಂದು ಮಾತು. ಹಾಡು ಕೇಳುವವರಿಲ್ಲದೆ ಹೋದರೆ ತಂಬೂರಿ ಅಟ್ಟ ಸೇರುತ್ತದೆ. ಗದ್ದೆ ಲೇಔಟ್ ಆದರೆ ಗದ್ದೆಯ ಹೆಸರೂ ಹೋಗುತ್ತದೆ. 2023ರಲ್ಲಿ ಎಕ್ಸ್‌ಪ್ರೆಸ್ ವೇ ಬಂದ ಮೇಲೆ ಮದ್ದೂರಿನಲ್ಲಿ ಇಳಿಯದೆಯೇ ಮೈಸೂರು ಮುಟ್ಟಬಹುದು. ಇಳಿಯದ ಊರನ್ನು ಯಾರು ಬರೆಯುತ್ತಾರೆ? ಬರೆಯದ ಊರನ್ನು ಮುಂದಿನವರು ಯಾಕೆ ಪ್ರೀತಿಸುತ್ತಾರೆ? ಗ್ರಾಸ್ಮಿಯರ್ ಇವತ್ತು ಗ್ರಾಸ್ಮಿಯರ್ ಆಗಿರೋದು ಅಲ್ಲಿನ ಗುಡ್ಡ ನಮ್ಮ ಗುಡ್ಡಕ್ಕಿಂತ ಮೇಲು ಅಂತಲ್ಲ. ಒಬ್ಬ ಬರೆದ, ಒಬ್ಬಳು ದಿನಚರಿ ಇಟ್ಟಳು, ಉಳಿದವರು ಇನ್ನೂರು ವರ್ಷ ಓದಿದರು, ಅದಕ್ಕೆ.

ಆದ್ದರಿಂದ ಬ್ಲಾಗಿಗ ಮಿತ್ರರೇ, ಇಂಗ್ಲೆಂಡಿಗೆ ಧಾರಾಳವಾಗಿ ಹೋಗಿ ಬನ್ನಿ. ಫೋಟೋ ಹಾಕಿ, ನಾನೂ ಮೆಚ್ಚಿ ಕಾಮೆಂಟ್ ಬರೀತೀನಿ. ಸಾಧ್ಯವಾದರೆ ಬೆಲ್ಮಾಂಟಿಗೂ ಹೋಗಿ, ಮಳವಳ್ಳಿಯ ಕಡೆಯಿಂದ ಒಂದು ಸಲ ಆ ಮನೆಯನ್ನು ದುರುಗುಟ್ಟಿಕೊಂಡು ನೋಡಿ ಬನ್ನಿ. ಆದರೆ ಆ ಕೊನೆಯ ಸಾಲನ್ನು ಮಾತ್ರ ಬರೆಯೋಕೆ ಮುಂಚೆ ಮಳವಳ್ಳಿಯಿಂದ ಬೊಪ್ಪೇಗೌಡನಪುರಕ್ಕೆ ಒಂದು ಸಲ ಬಸ್ಸು ಹತ್ತಿ. ಅಲ್ಲಿ ಇಳಿದು, ಹಾಡು ಕೇಳಿ, ಅದರ ಬಗ್ಗೆ ನಾಲ್ಕು ಪ್ಯಾರಾ ಬರೆಯಿರಿ. ಆಮೇಲೂ "ನಮ್ಮಲ್ಲಿ ಯಾಕೆ ಹೀಗಿಲ್ಲ" ಅನ್ನಿಸಿದರೆ ಬರೆಯಿರಿ, ಆಗ ಜಗಳ ಆಡೋಣ.

ಏನಂತೀರಿ?